ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ?

ದಾವಣಗೆರೆಯಲ್ಲಿ ಕಾಲೇಜು, ಹಾಸ್ಟೆಲ್, ಪಿಜಿಗಳ ನಡುವೆ ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಹುಡುಗರ ತಲೆಯಲ್ಲಿ ಏನು ಓಡುತ್ತಿದೆ ಅನ್ನೋದು ಬೇಗ ಗೊತ್ತಾಗುತ್ತದೆ. ಮೊದಲೆಲ್ಲ ಕೆಮ್ಮೇ ಇಲ್ಲದವರು ಕೆಮ್ಮಿನ ಸಿರಪ್ ಕೇಳಿಕೊಂಡು ಬರುತ್ತಿದ್ದರು. ಆಮೇಲೆ ನಿದ್ದೆ ಮಾತ್ರೆ, ನೋವಿನ ಮಾತ್ರೆ. ಈಗ ಬರುವವರಲ್ಲಿ ಕೆಲವರು ಬೇರೆ ಥರ. ಓದಿಕೊಂಡು ಬರುತ್ತಾರೆ. ಎರಡು ಎರಡು ಗಂಟೆಯ ಪಾಡ್‌ಕಾಸ್ಟ್ ಕೇಳಿರುತ್ತಾರೆ. "ಅಂಕಲ್, ಕೆಟಮಿನ್ ಡಿಪ್ರೆಶನ್‌ಗೆ ಕೊಡ್ತಾರಂತಲ್ಲ, ನಿಮ್ಮ ಹತ್ರ ಸಿಗುತ್ತಾ?" ಅಂತಾನೆ ಒಬ್ಬ. ಅದು ಅರಿವಳಿಕೆ ಔಷಧಿ. ಇನ್ನೊಬ್ಬ, ಭ್ರಮೆ ಹುಟ್ಟಿಸುವ ಕೆಲವು ಅಣಬೆಗಳಲ್ಲಿ ಸೈಲೋಸಿಬಿನ್ ಅಂತ ಇರುತ್ತಲ್ಲ, ಒಂದೇ ಡೋಸ್‌ಗೆ ವಾಸಿ ಮಾಡುತ್ತಂತೆ, ಹಾಗಾದ್ರೆ ದಿನಾ ಮಾತ್ರೆ ನುಂಗೋದು ಯಾಕೆ ಅಂತ ವಾದಕ್ಕೆ ನಿಲ್ಲುತ್ತಾನೆ.

ಗದರಿಸಿ ಕಳಿಸೋದು ಸುಲಭ. ನಾನು ಕಳಿಸಲ್ಲ. ಯಾಕಂದ್ರೆ ಅವರು ಹೇಳೋದರಲ್ಲಿ ಅರ್ಧದಷ್ಟು ನಿಜ. ಆ ಅರ್ಧವನ್ನು ನಾವು ಸುಳ್ಳು ಅಂದುಬಿಟ್ಟರೆ ಉಳಿದ ಅರ್ಧದ ಬಗ್ಗೆ ನಾವು ಏನು ಹೇಳಿದರೂ ಅವರು ಕೇಳುವುದಿಲ್ಲ. ಕಾಲೇಜು ಗೋಡೆ ಮೇಲೆ ತಲೆಬುರುಡೆ ಚಿತ್ರ ಹಾಕಿ "ಡ್ರಗ್ಸ್ ಅಂದರೆ ಸಾವು" ಅಂತ ಬರೆಸುತ್ತಾರಲ್ಲ, ಅದನ್ನು ನೋಡಿ ಯಾವ ಹುಡುಗನೂ ಬಿಟ್ಟಿದ್ದನ್ನು ನಾನು ನೋಡಿಲ್ಲ. ಅವನ ರೂಮ್‌ಮೇಟ್ ಗೋವಾದಲ್ಲಿ ಸ್ಟ್ಯಾಂಪ್ (ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಹಚ್ಚಿದ ಕಾಗದ) ಹಾಕಿಕೊಂಡು ಬಂದು ಆರಾಮಾಗಿ ಸೆಮಿಸ್ಟರ್ ಪಾಸಾಗಿರುತ್ತಾನೆ. ಪೋಸ್ಟರ್ ಗೆಲ್ಲುತ್ತಾ, ರೂಮ್‌ಮೇಟ್ ಗೆಲ್ಲುತ್ತಾನಾ?

ಅದಕ್ಕೇ ನಿಜವನ್ನೇ ಮೊದಲು ಹೇಳುತ್ತೇನೆ. ಎಲ್‌ಎಸ್‌ಡಿ ಹುಟ್ಟಿದ್ದೇ ಔಷಧಿ ಕಂಪನಿಯ ಲ್ಯಾಬಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಅದನ್ನು ತಯಾರಿಸಿದರು, 1943ರಲ್ಲಿ ತಾವೇ ತೆಗೆದುಕೊಂಡು ಅದು ಏನು ಮಾಡುತ್ತೆ ಅಂತ ಕಂಡುಕೊಂಡರು. 1958ರಲ್ಲಿ ಅಣಬೆಯಿಂದ ಸೈಲೋಸಿಬಿನ್ ಬೇರ್ಪಡಿಸಿದ್ದೂ ಅವರೇ. ಆ ಕಾಲದಲ್ಲಿ ಅಮೆರಿಕ, ಯುರೋಪಿನ ಮನೋವೈದ್ಯರು ಇವನ್ನು ಚಿಕಿತ್ಸೆ ಅಂತಲೇ ಕೊಡುತ್ತಿದ್ದರು. 1960ರಲ್ಲಿ ಸಿಡ್ನಿ ಕೋಹೆನ್ ಅನ್ನುವ ವೈದ್ಯರು ಎಲ್‌ಎಸ್‌ಡಿ ಥರದ ವಸ್ತು ಕೊಟ್ಟ ಹಲವು ವೈದ್ಯರನ್ನು ಕೇಳಿ ಲೆಕ್ಕ ಹಾಕಿದರು. ಸುಮಾರು 5,000 ಜನ, 25,000 ಸಲ. ಎರಡು ದಿನಕ್ಕಿಂತ ಜಾಸ್ತಿ ಬುದ್ಧಿ ಸ್ಥಿಮಿತ ತಪ್ಪಿದವರು, ಆರೋಗ್ಯವಂತರಲ್ಲಿ ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ, ರೋಗಿಗಳಲ್ಲಿ ಸಾವಿರಕ್ಕೆ ಸುಮಾರು ಇಬ್ಬರು. ಆಮೇಲೆ ರಾಜಕೀಯ ನುಗ್ಗಿತು, 1971ರಲ್ಲಿ ಇವನ್ನು ಬಿಗಿಯಾಗಿ ನಿಯಂತ್ರಿಸುವ ವಿಶ್ವಸಂಸ್ಥೆಯ ಒಪ್ಪಂದವಾಯಿತು, ಸಂಶೋಧನೆ ಮೂವತ್ತು ವರ್ಷ ಹೆಚ್ಚುಕಡಿಮೆ ನಿಂತೇಹೋಯಿತು.

ಈಗ ಮತ್ತೆ ಶುರುವಾಗಿದೆ. 2022ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ 233 ಜನ ಇದ್ದರು. ಎಲ್ಲರೂ ಬೇರೆ ಮಾತ್ರೆಗಳಿಗೆ ಬಗ್ಗದ ಡಿಪ್ರೆಶನ್ ಇದ್ದವರು. 25 ಮಿಲಿಗ್ರಾಂ ಸೈಲೋಸಿಬಿನ್ ಒಂದು ಸಲ ಕೊಟ್ಟವರಲ್ಲಿ ಮೂರು ವಾರಕ್ಕೆ ನೂರಕ್ಕೆ 37 ಜನರಿಗೆ ಚೆನ್ನಾಗಿ ಗುಣ ಕಂಡಿತು. ಹೆಸರಿಗಷ್ಟೇ 1 ಮಿಲಿಗ್ರಾಂ ಕೊಟ್ಟವರಲ್ಲಿ ನೂರಕ್ಕೆ 18. ಒಳ್ಳೇದೇ ಅಲ್ವಾ? ಆದರೆ ಹನ್ನೆರಡು ವಾರದ ಹೊತ್ತಿಗೆ ಆ ಗುಣ ಉಳಿಸಿಕೊಂಡವರು ನೂರಕ್ಕೆ 20 ಮಾತ್ರ. "ಒಂದೇ ಡೋಸ್‌ಗೆ ವಾಸಿ" ಅನ್ನೋ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಸಾಯುವ ಯೋಚನೆ, ತನಗೇ ಗಾಯ ಮಾಡಿಕೊಳ್ಳೋದು, ಇವು ಎಲ್ಲ ಗುಂಪಿನಲ್ಲೂ ಕಂಡವು. ಪಾಡ್‌ಕಾಸ್ಟಿನಲ್ಲಿ 37 ಬರುತ್ತೆ, 20 ಬರಲ್ಲ.

ಸರಿ, ಅದು ಸಂಖ್ಯೆಯ ಮಾತಾಯಿತು. ನಾನು ಹೇಳಬೇಕಾದ್ದು ಬೇರೆ ಇದೆ. ಆ 233 ಜನ ಹೇಗೆ ಸಿಕ್ಕಿದರು ಅನ್ನೋದು.

ಇಂಥ ಪರೀಕ್ಷೆಗೆ ಬಂದವರನ್ನೆಲ್ಲ ಒಳಗೆ ಬಿಡುವುದಿಲ್ಲ. ಬಿಪಿ ನೋಡುತ್ತಾರೆ, ಇಸಿಜಿ ತೆಗೆಯುತ್ತಾರೆ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಕೇಳುತ್ತಾರೆ. ಆಮೇಲೆ ಮನೆಯವರ ಬಗ್ಗೆ ಕೇಳುತ್ತಾರೆ. ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಕೆಲವು ಕಡೆ ಅಜ್ಜ ಅಜ್ಜಿ ಚಿಕ್ಕಪ್ಪ ಅತ್ತೆಯವರೆಗೂ. ಯಾರಿಗಾದರೂ ಸ್ಕಿಝೋಫ್ರೇನಿಯಾ (ಇಲ್ಲದ ದನಿ ಕೇಳೋದು, ಇಲ್ಲದ ಅನುಮಾನ ಬರೋದು) ಇತ್ತಾ, ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಏರಿ, ಒಮ್ಮೆ ಅತಿ ಇಳಿಯೋದು) ಇತ್ತಾ? ಹತ್ತಿರದವರಿಗೆ ಇತ್ತು ಅಂದರೆ ಸಾಮಾನ್ಯವಾಗಿ ಅಲ್ಲಿಂದಲೇ ವಾಪಸ್. ಒಳಗೆ ಹೋದವರಿಗೂ ಮೊದಲು ಕೂತು ಮಾತಾಡಿಸಿ ತಯಾರು ಮಾಡುತ್ತಾರೆ. ಔಷಧಿ ಕೊಟ್ಟ ದಿನ ಆರೆಂಟು ಗಂಟೆ ತರಬೇತಾದವರು ಪಕ್ಕದಲ್ಲೇ ಇರುತ್ತಾರೆ. ಆಮೇಲೂ ಕರೆದು ಮಾತಾಡುತ್ತಾರೆ. ಹುಡುಗರು ಓದಿಕೊಂಡು ಬರುವ ಒಳ್ಳೆ ಫಲಿತಾಂಶ ಈ ಜರಡಿ ಹಿಡಿದ ಮೇಲೆ ಉಳಿದವರದು. ಹದಡಿ ರಸ್ತೆಯ ಯಾವುದೋ ಪಿಜಿ ರೂಮಿನಲ್ಲಿ, ಬಾಗಿಲು ಹಾಕಿಕೊಂಡು, ತನ್ನಷ್ಟೇ ಗೊತ್ತಿರುವ ಇಬ್ಬರು ಗೆಳೆಯರ ಜೊತೆ ತೆಗೆದುಕೊಳ್ಳುವವನದಲ್ಲ.

ಜರಡಿ ಯಾಕೆ ಬೇಕು ಅಂದರೆ, ಈ ವಸ್ತುಗಳಲ್ಲಿ ದೊಡ್ಡ ಭಯ ಚಟದ್ದಲ್ಲ. ಎಲ್‌ಎಸ್‌ಡಿ, ಸೈಲೋಸಿಬಿನ್‌ಗೆ ಹೆಂಡದ ಹಾಗೆ, ಬೀಡಿಯ ಹಾಗೆ ಜನ ಅಂಟಿಕೊಳ್ಳುವುದು ಕಡಿಮೆ. ಭಯ ಇರೋದು ಒಳಗೆ ಮಲಗಿರುವ ಕಾಯಿಲೆ ಏಳುವುದರಲ್ಲಿ. ಸ್ಕಿಝೋಫ್ರೇನಿಯಾ ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗೆ ಬರುತ್ತೆ ಅಂತಾರೆ. ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಿಗೆ ಇದ್ದರೆ ಅದು ನೂರಕ್ಕೆ ಹತ್ತರ ಹತ್ತಿರ ಹೋಗುತ್ತದೆ. ಅದು ಕಾಣಿಸಿಕೊಳ್ಳುವ ವಯಸ್ಸು ಯಾವುದು ಗೊತ್ತಾ? ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸು. ಸರಿಯಾಗಿ ಕಾಲೇಜಿನ ವಯಸ್ಸು. 2024ರಲ್ಲಿ ಕೆನಡಾದ ಒಂಟಾರಿಯೊದ ಆಸ್ಪತ್ರೆ ದಾಖಲೆಗಳನ್ನು ನೋಡಿದವರು ಹೇಳಿದ್ದು ಇದು: ಈ ಥರದ ವಸ್ತು ತೆಗೆದುಕೊಂಡು ಎಮರ್ಜೆನ್ಸಿಗೆ ಬರುವ ಹಾಗಾದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ ಸುಮಾರು 4 ಜನರಿಗೆ ಸ್ಕಿಝೋಫ್ರೇನಿಯಾ ಗುಂಪಿನ ಕಾಯಿಲೆ ಇದೆ ಅಂತ ಗೊತ್ತಾಯಿತು, ಉಳಿದ ಜನರಲ್ಲಿ ನೂರಕ್ಕೆ 0.15. ಇದರರ್ಥ ವಸ್ತುವೇ ಕಾಯಿಲೆ ತಂದಿತು ಅಂತಲ್ಲ. ಆಗಲೇ ಶುರುವಾಗಿದ್ದ ಕಾಯಿಲೆಯೇ ಅವರನ್ನು ಆ ಕಡೆ ತಳ್ಳಿರಬಹುದು. ಬೇರೆ ನಶೆ, ಬೇರೆ ಮಾನಸಿಕ ತೊಂದರೆಗಳನ್ನು ಲೆಕ್ಕದಿಂದ ಕಳೆದರೂ ಅಪಾಯ ಮೂರೂವರೆ ಪಟ್ಟು ಉಳಿಯಿತು. ಕಡಿಮೆಯಾಯಿತು, ಹೋಗಲಿಲ್ಲ.

ಈಗ ನಮ್ಮ ಊರಿಗೆ ಬನ್ನಿ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ?" ಅಂತ ಇಲ್ಲಿನ ಒಬ್ಬ ಹುಡುಗನನ್ನು ಕೇಳಿದರೆ ಏನು ಹೇಳುತ್ತಾನೆ? ಇಲ್ಲ ಅನ್ನುತ್ತಾನೆ. ಸುಳ್ಳು ಹೇಳಲ್ಲ ಪಾಪ, ಅವನಿಗೆ ಗೊತ್ತಿರೋದೇ ಅಷ್ಟು.

ನನ್ನ ಕೌಂಟರ್‌ನಿಂದ ನೋಡಿದರೆ ಊರು ಬೇರೆ ಥರ ಕಾಣುತ್ತದೆ. ಒಲಾಂಜಪಿನ್, ರಿಸ್ಪೆರಿಡಾನ್, ಲಿಥಿಯಂ, ಇಂಥ ಕಾಯಿಲೆಗಳಿಗೆ ಕೊಡುವ ಈ ಮಾತ್ರೆಗಳನ್ನು ಜನ ತಮ್ಮ ಬಡಾವಣೆಯ ಅಂಗಡಿಯಲ್ಲಿ ತೆಗೆದುಕೊಳ್ಳುವುದಿಲ್ಲ. ನಿಟುವಳ್ಳಿಯವರು ವಿದ್ಯಾನಗರಕ್ಕೆ ಬರುತ್ತಾರೆ, ವಿದ್ಯಾನಗರದವರು ಹಳೇ ಪೇಟೆಗೆ ಹೋಗುತ್ತಾರೆ, ಹರಿಹರದವರು ಬಸ್ ಹತ್ತಿ ಇಲ್ಲಿಗೆ ಬರುತ್ತಾರೆ. ಮಾತ್ರೆಯ ಡಬ್ಬ ಇಲ್ಲೇ ಬಿಸಾಕಿ, ಬರೀ ಸ್ಟ್ರಿಪ್ ಜೇಬಿಗೆ ಹಾಕಿಕೊಂಡು ಹೋಗುವವರಿದ್ದಾರೆ. ಹೆಂಡತಿಗೆ ಗೊತ್ತಾಗದ ಹಾಗೆ ನುಂಗುವ ಗಂಡ, ರೋಗಿಗೇ ಗೊತ್ತಾಗದ ಹಾಗೆ ಕಾಫಿಯಲ್ಲಿ ಕರಗಿಸಿ ಕೊಡುವ ತಾಯಿ. ಕಾರಣ ಎಲ್ಲರಿಗೂ ಗೊತ್ತು. ಮನೆಯಲ್ಲಿ ಮದುವೆಗೆ ಇರುವ ಹೆಣ್ಣುಮಗಳಿದ್ದರೆ "ಅವರ ಮನೆತನದಲ್ಲಿ ಹುಚ್ಚು ಇದೆ" ಅನ್ನೋ ಒಂದು ಮಾತು ಸಾಕು, ಸಂಬಂಧ ಮುರಿಯುತ್ತದೆ. ಅದಕ್ಕೇ ದೊಡ್ಡಪ್ಪನಿಗೆ ಕಾಯಿಲೆ ಇರಲಿಲ್ಲ, ಅವರು "ಸ್ವಲ್ಪ ಸಿಟ್ಟಿನ ಮನುಷ್ಯ". ಸೋದರತ್ತೆಗೆ ಗಾಳಿ ಸೋಕಿತ್ತು, ಉಕ್ಕಡಗಾತ್ರಿ ಅಜ್ಜಯ್ಯನ ಹತ್ತಿರ ಕರಕೊಂಡು ಹೋಗಿ ಬಂದ ಮೇಲೆ ಸರಿಹೋದಳು. ಚಿಕ್ಕಜ್ಜ ಊರು ಬಿಟ್ಟು ಹೋದವನು ಬರಲೇ ಇಲ್ಲ, ಸನ್ಯಾಸಿ ಆಗಿರಬೇಕು. ಉಕ್ಕಡಗಾತ್ರಿಗೆ ಹೋಗೋದನ್ನು ನಾನು ಹೀಯಾಳಿಸುತ್ತಿಲ್ಲ, ನಮ್ಮ ಮನೆಯವರೂ ಅಮಾವಾಸ್ಯೆಗೆ ಹೋಗುತ್ತಾರೆ. ಆದರೆ ಹೀಗೆ ಹೆಸರು ಬದಲಾದ ಕಾಯಿಲೆ ಮುಂದಿನ ತಲೆಮಾರಿನ ಹುಡುಗನಿಗೆ ತಲುಪುವುದೇ ಇಲ್ಲ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಗುರುತು ಸಿಗಬಾರದು, ಅದಕ್ಕೆ ಅಲ್ಲಿ ಇಲ್ಲಿ ಬದಲಿಸಿದ್ದೇನೆ. ಡಿಪ್ರೆಶನ್‌ಗೆ ಎಸ್ಸಿಟಾಲೋಪ್ರಾಮ್ ಶುರು ಮಾಡಿ ಇನ್ನೂ ಎರಡು ವಾರ ಆಗಿರಲಿಲ್ಲ. "ಏನೂ ಆಗ್ತಿಲ್ಲ ಅಂಕಲ್, ಬಿಟ್ಟುಬಿಡ್ತೀನಿ, ಫ್ರೆಂಡ್ ಕೊಡೈಕೆನಾಲ್‌ನಿಂದ ಅಣಬೆ ತರ್ತಾನೆ" ಅಂದ. ಈ ಮಾತ್ರೆ ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ಬೇಕಾಗುತ್ತೆ ಅಂತ ಹೇಳಿದೆ. ಆಮೇಲೆ ಮನೆಯವರ ಪ್ರಶ್ನೆ ಕೇಳಿದೆ. ನಮ್ಮಲ್ಲಿ ಯಾರಿಗೂ ಇಲ್ಲ ಅಂದ, ತುಂಬ ಖಾತ್ರಿಯಿಂದ. ನನಗೆ ಗೊತ್ತಿತ್ತು, ಅವರ ಮನೆಯ ಒಬ್ಬರ ಚೀಟಿಗೆ ವರ್ಷಗಳಿಂದ ಮಾತ್ರೆ ಕೊಡುತ್ತಿದ್ದವನು ನಾನೇ. ಹೇಳುವ ಹಾಗಿಲ್ಲ. ಒಬ್ಬರ ಚೀಟಿಯಲ್ಲಿ ಇರೋದನ್ನು ಇನ್ನೊಬ್ಬರಿಗೆ ಹೇಳುವುದು ತಪ್ಪು, ಅದು ರಕ್ತಸಂಬಂಧಿಯಾದರೂ ಅಷ್ಟೇ.

ಕೊನೆಗೆ ನಾನು ಹೇಳಿದ್ದು ಇಷ್ಟು: "ನಿಮ್ಮ ಅಮ್ಮನ್ನ ಕೇಳಪ್ಪಾ. ಹುಚ್ಚು ಇತ್ತಾ ಅಂತ ಕೇಳಬೇಡ, ಇಲ್ಲ ಅಂತಾರೆ. ನಮ್ಮ ಮನೇಲಿ ರಾತ್ರಿಗಟ್ಟಲೆ ನಿದ್ದೆ ಮಾಡದೆ ಓಡಾಡಿದವರು ಯಾರಾದ್ರೂ ಇದ್ರಾ ಅಂತ ಕೇಳು. ಇದ್ದಕ್ಕಿದ್ದ ಹಾಗೆ ದುಡ್ಡೆಲ್ಲ ಖರ್ಚು ಮಾಡಿ, ದೊಡ್ಡ ದೊಡ್ಡ ಮಾತಾಡಿ, ಆಮೇಲೆ ತಿಂಗಳುಗಟ್ಟಲೆ ಮೂಲೇಲಿ ಕೂತವರು? ನನ್ನ ಊಟಕ್ಕೆ ಏನೋ ಹಾಕಿದ್ದಾರೆ ಅಂದವರು? ಒಬ್ಬರೇ ಮಾತಾಡ್ತಿದ್ದವರು? ಬಾವಿಗೆ ಬಿದ್ದವರು? ಎಲ್ಲಿಗೆ, ಯಾಕೆ ಕರಕೊಂಡು ಹೋಗಿದ್ರು ಅಂತ ಕೇಳು."

ಮುಂದಿನ ವಾರ ಹುಡುಗ ಬರಲಿಲ್ಲ, ತಾಯಿ ಬಂದರು. "ಏನ್ರೀ ಅಣ್ಣಾರೆ, ನನ್ನ ಮಗನ ತಲೆಗೆ ಏನು ತುಂಬಿದ್ರಿ?" ಅಂತ ಗಿರಾಕಿಗಳೆದುರೇ ಬೈದರು. ನಾನು ಸುಮ್ನೆ ಕೇಳಿಸಿಕೊಂಡೆ. ಆ ಮನೆಯವರು ಈಗ ನನ್ನ ಅಂಗಡಿಗೆ ಬರುವುದಿಲ್ಲ. ಹುಡುಗ ಬರುತ್ತಾನೆ. ಅವನಿಗೆ ಗೊತ್ತಾಗಿದೆ, ಅವನ ಡಾಕ್ಟರಿಗೂ ಗೊತ್ತಾಗಿದೆ, ಔಷಧಿಯನ್ನು ಅದಕ್ಕೆ ತಕ್ಕ ಹಾಗೆ ಬದಲಿಸಿದ್ದಾರೆ. ಬೈಪೋಲಾರ್ ಇರುವ ಮನೆತನದವನಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಡುವಾಗಲೂ ಹುಷಾರಾಗಿರಬೇಕು, ಅದು ಮೇನಿಯಾ ಕಡೆ, ಅಂದರೆ ಮನಸ್ಸು ಅತಿ ಏರುವ ಕಡೆ, ತಿರುಗಿಸಬಹುದು. ಅಂದರೆ ಈ ಪ್ರಶ್ನೆ ಅಣಬೆಗಿಂತ ಮೊದಲೇ ಕೇಳಬೇಕಾಗಿದ್ದದ್ದು.

ಇನ್ನು ನುಂಗುತ್ತಿರುವ ಮಾತ್ರೆಗಳ ವಿಷಯ. ಅದು ನನ್ನ ಕಸುಬು, ಸ್ವಲ್ಪ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ. ಲಿಥಿಯಂ ತೆಗೆದುಕೊಳ್ಳುವವರು ಎಲ್‌ಎಸ್‌ಡಿ, ಅಣಬೆಯ ಹತ್ತಿರವೂ ಹೋಗಬಾರದು. ಹಾಗೆ ಎರಡೂ ಸೇರಿಸಿದವರು ಇಂಟರ್ನೆಟ್ಟಿನಲ್ಲಿ ಬರೆದುಕೊಂಡ 62 ಅನುಭವಗಳನ್ನು ಸಂಶೋಧಕರು 2021ರಲ್ಲಿ ಒಟ್ಟು ಹಾಕಿ ನೋಡಿದರು, ಹತ್ತಿರಹತ್ತಿರ ಅರ್ಧದಲ್ಲಿ ಫಿಟ್ಸ್ ಬಂದಿತ್ತು. ಕೆಟ್ಟದ್ದಾದವರೇ ಬರೆಯೋದು ಜಾಸ್ತಿ ಅಂತ ಇಟ್ಟುಕೊಂಡರೂ ಅದು ಸಣ್ಣ ಸಂಖ್ಯೆ ಅಲ್ಲ. ಎಂಡಿಎಂಎ, ಅಂದರೆ ಪಾರ್ಟಿಗಳಲ್ಲಿ ಎಕ್ಸ್ಟಸಿ ಅನ್ನುವ ನಶೆ, ಅದರ ಜೊತೆ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಸೇರಿದರೆ ಫಿಟ್ಸ್ ಬರಬಹುದು, ಸೆರೊಟೋನಿನ್ ಸಿಂಡ್ರೋಮ್ ಆಗಬಹುದು. ಮೈ ಕಾದ ಹೆಂಚಾಗುತ್ತೆ, ಸ್ನಾಯು ಬಿಗಿದು ನಡುಗುತ್ತೆ, ಕೆಲವರು ಉಳಿಯಲ್ಲ. ಡಿಪ್ರೆಶನ್ ಮಾತ್ರೆಗಳಲ್ಲೇ ಎಂಎಓಐ ಅನ್ನುವ ಹಳೇ ಜಾತಿಯದ್ದಿದೆ, ಎಂಡಿಎಂಎ ಜೊತೆ ಅದು ಇನ್ನೂ ಅಪಾಯ. ಎಸ್ಸಿಟಾಲೋಪ್ರಾಮ್ ಥರದ್ದು ಅಣಬೆಯ ಪರಿಣಾಮವನ್ನು ತಗ್ಗಿಸುತ್ತೆ ಅಂತ ಹುಡುಗರು ಓದಿರುತ್ತಾರೆ. ಓದಿ ಏನು ಮಾಡುತ್ತಾರೆ? ಒಂದೋ ಅಣಬೆ ಜಾಸ್ತಿ ತಿನ್ನುತ್ತಾರೆ, ಇಲ್ಲಾ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ತಲೆ ಸುತ್ತು, ಕರೆಂಟ್ ಹೊಡೆದ ಹಾಗೆ ಜುಂ ಅನ್ನೋದು, ಅಳು, ಸಿಟ್ಟು, ಡಿಪ್ರೆಶನ್ ಮತ್ತೆ ಬರೋದು. ಪರೀಕ್ಷೆಗಳಲ್ಲೂ ಮಾತ್ರೆ ನಿಲ್ಲಿಸುತ್ತಾರೆ, ಹೌದು, ಆದರೆ ವಾರಗಟ್ಟಲೆ ನಿಧಾನಕ್ಕೆ ಇಳಿಸಿ, ಡಾಕ್ಟರ್ ಕಣ್ಣೆದುರು.

ಇಷ್ಟೆಲ್ಲ ಹೇಳಿದ್ದು ಕೈಗೆ ಬಂದದ್ದು ನಿಜವಾಗಲೂ ಆ ವಸ್ತುವೇ ಆಗಿದ್ದರೆ. ಸ್ಟ್ಯಾಂಪ್ ಅಂದರೆ ಒಂದು ಚೂರು ಕಾಗದ. ಎಲ್‌ಎಸ್‌ಡಿ ಕೆಲಸ ಮಾಡೋದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ಅದನ್ನು ಯಾವ ಹುಡುಗ ಕಣ್ಣಲ್ಲಿ ಅಳೆಯುತ್ತಾನೆ? ಎಲ್‌ಎಸ್‌ಡಿ ಅಂತ ಎನ್‌ಬಿಓಎಂಇ ಜಾತಿಯ ರಾಸಾಯನಿಕ ಮಾರಿ, ತೆಗೆದುಕೊಂಡವರು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಅಣಬೆ ನೈಸರ್ಗಿಕ, ಅದರಿಂದ ಏನಾಗುತ್ತೆ ಅನ್ನುವವರಿಗೆ ನಾನು ರಸ್ತೆ ಪಕ್ಕದ ಉಮ್ಮತ್ತಿ ಗಿಡ ತೋರಿಸುತ್ತೇನೆ. ಶಿವನಿಗೆ ಏರಿಸುವ ಹೂವು, ಅಪ್ಪಟ ನೈಸರ್ಗಿಕ. ಅದರ ಬೀಜದಲ್ಲಿ ಅಟ್ರೋಪಿನ್, ಸ್ಕೋಪೊಲಮಿನ್ ಇದೆ. ಬಾಯಿ ಒಣಗುತ್ತೆ, ಜ್ವರ ಏರುತ್ತೆ, ಎದೆ ಬಡಿತ ಓಡುತ್ತೆ, ಮೂತ್ರ ಕಟ್ಟುತ್ತೆ, ಇಲ್ಲದವರ ಜೊತೆ ಮಾತು ಶುರುವಾಗುತ್ತೆ. ಬಸ್ಸು ರೈಲಿನಲ್ಲಿ ತಿಂಡಿಗೆ ಬೆರೆಸಿ ದೋಚುತ್ತಿದ್ದ ಕಳ್ಳರಿಗೆ ಇದು ಹಳೇ ಆಯುಧ. ಕಾಡಿನ ಅಣಬೆಯಲ್ಲಂತೂ ಒಂದರ ಥರವೇ ಕಾಣುವ ಇನ್ನೊಂದು ಲಿವರ್ ಕೆಡಿಸಿ ಕೊಲ್ಲುತ್ತದೆ. ಕೊಟ್ಟವನು ಗುರುತು ಹಿಡಿಯುತ್ತಾನೆ ಅನ್ನೋ ನಂಬಿಕೆ ಮೇಲೆ ತಿನ್ನೋದು.

ಮೈಕ್ರೋಡೋಸಿಂಗ್, ಅಂದರೆ ನಶೆ ಏರದಷ್ಟು ಚೂರೇ ಚೂರು ಆಗಾಗ ತೆಗೆದುಕೊಳ್ಳೋದು, ಅದರ ಬಗ್ಗೆ ಕೇಳುವವರಿಗೆ ಒಂದೇ ಸಾಲು: ಏನು ತಿಂದಿದ್ದೇವೆ ಅಂತ ಜನರಿಗೇ ಗೊತ್ತಾಗದ ಹಾಗೆ ಮಾಡಿ ನೋಡಿದ 2021ರ ಪರೀಕ್ಷೆಯಲ್ಲಿ ಖಾಲಿ ಕ್ಯಾಪ್ಸೂಲ್ ತಿಂದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು.

ಕೆಟಮಿನ್ ಮಾತ್ರ ಕಾನೂನಿನ ಒಳಗೇ ಇರುವ ದಾರಿ. ಅದು ಹಳೇ ಅರಿವಳಿಕೆ ಔಷಧಿ, ಆಪರೇಷನ್ ಥಿಯೇಟರಿನಲ್ಲಿ ದಿನಾ ಬಳಸುತ್ತಾರೆ. ಶೆಡ್ಯೂಲ್ ಎಕ್ಸ್ ಅನ್ನುವ ಬಿಗಿ ನಿಯಮದ ಪಟ್ಟಿಯ ಔಷಧಿ, ನನ್ನಂಥ ಸಣ್ಣ ಅಂಗಡಿಗೆ ಅದನ್ನು ಇಡುವ ಲೈಸೆನ್ಸೇ ಇಲ್ಲ. ಅದರ ತಮ್ಮನಂಥ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಕೊಟ್ಟರೂ ಮನೆಗೆ ಒಯ್ಯುವ ಹಾಗಿಲ್ಲ, ಆಸ್ಪತ್ರೆಯಲ್ಲೇ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ಅಲ್ಲೇ ಕೂರಬೇಕು. ಯಾಕೆ ಅಂತ ಕೇಳುವವರು 2023ರಲ್ಲಿ 'ಫ್ರೆಂಡ್ಸ್' ಸರಣಿಯ ನಟ ಮ್ಯಾಥ್ಯೂ ಪೆರಿ ಕೆಟಮಿನ್‌ನಿಂದ ಹೇಗೆ ಸತ್ತರು ಅಂತ ನೋಡಲಿ. ದಿನಾ ಮೂಗಿಗೆ ಏರಿಸುವವರ ಮೂತ್ರಕೋಶ ಹುಣ್ಣಾಗಿ, ಹತ್ತು ನಿಮಿಷಕ್ಕೊಮ್ಮೆ ಬಾತ್‌ರೂಮಿಗೆ ಓಡುವ ಹಾಗಾಗುತ್ತೆ. ಎಂಡಿಎಂಎಗೆ ಅಮೆರಿಕ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ನಿರಾಕರಿಸಿತು. ಆಸ್ಟ್ರೇಲಿಯಾ 2023ರ ಜುಲೈಯಿಂದ ಎಂಡಿಎಂಎ, ಸೈಲೋಸಿಬಿನ್ ಎರಡಕ್ಕೂ ಬಾಗಿಲು ತೆರೆದಿದೆ, ಆದರೆ ಅನುಮತಿ ಪಡೆದ ಮನೋವೈದ್ಯರ ಕೈಯಲ್ಲಿ ಮಾತ್ರ. ನನ್ನ ಅಂದಾಜು, ಸೈಲೋಸಿಬಿನ್ ಒಂದು ದಿನ ಔಷಧಿಯಾಗಿ ಇಲ್ಲಿಗೂ ಬರುತ್ತೆ. ಬರಲಿ. ಬಂದಾಗಲೂ ಅದು ನನ್ನ ಕೌಂಟರ್‌ಗೆ ಬರಬಾರದು, ಆಸ್ಪತ್ರೆಯ ಒಳಗೇ ಇರಬೇಕು.

ಸದ್ಯಕ್ಕೆ ನಮ್ಮಲ್ಲಿ 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆ ಇದೆ. ಎಲ್‌ಎಸ್‌ಡಿ 2 ಮಿಲಿಗ್ರಾಂವರೆಗೆ ಸಣ್ಣ ಪ್ರಮಾಣ, 100 ಮಿಲಿಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ 10 ವರ್ಷ ಜೈಲು. ತೂಕಕ್ಕೆ ಕಾಗದವನ್ನೂ ಸೇರಿಸಬೇಕೋ ಬೇಡವೋ ಅಂತ ಹೈಕೋರ್ಟುಗಳಲ್ಲೇ ವಾದ ನಡೆದಿದೆ. ಗೆಳೆಯರಿಗೆ ಅಂತ ಒಂದಿಷ್ಟು ತಂದುಕೊಟ್ಟ ಹುಡುಗ ಕಾನೂನಿನ ಕಣ್ಣಲ್ಲಿ ಏನಾಗುತ್ತಾನೆ ಅಂತ ಯೋಚಿಸಿ.

ಯಾರಾದರೂ ಆಗಲೇ ತೆಗೆದುಕೊಂಡು ಹೆದರಿದ್ದರೆ, ಒಂಟಿ ಬಿಡಬೇಡಿ, ಬೈಯಬೇಡಿ, ಸದ್ದು ಬೆಳಕು ಕಡಿಮೆ ಮಾಡಿ ಪಕ್ಕದಲ್ಲಿ ಕೂರಿ, ಟೆರೇಸ್ ಕಡೆ, ಬೈಕ್ ಕಡೆ ಹೋಗಲು ಬಿಡಬೇಡಿ. ಮೈ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಎದೆ ನೋವು ಅಂದರೆ, ಸಾಯುವ ಮಾತಾಡಿದರೆ 108. ಎರಡು ಮೂರು ದಿನ ಆದಮೇಲೂ ನಿದ್ದೆ ಬರುತ್ತಿಲ್ಲ, ಎಲ್ಲರ ಮೇಲೂ ಅನುಮಾನ, ಮಾತು ಹಳಿ ತಪ್ಪುತ್ತಿದೆ ಅಂದರೆ ತಾನೇ ಸರಿಹೋಗುತ್ತೆ ಅಂತ ಕಾಯಬೇಡಿ, ಜಿಲ್ಲಾಸ್ಪತ್ರೆಯಲ್ಲೇ ಮನೋವೈದ್ಯರು ಸಿಗುತ್ತಾರೆ. ಏನು ತೆಗೆದುಕೊಂಡಿದ್ದು ಅಂತ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಮಾತನ್ನು ಗುಟ್ಟಾಗಿ ಇಡುವುದು ಅವರ ಕರ್ತವ್ಯ. ಮನೆತನದ ವಿಷಯವನ್ನೂ ಮುಚ್ಚಬೇಡಿ. ಹೋಗೋಕೆ ಮುಜುಗರ ಅಂದರೆ 14416 ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಾನು ರಾತ್ರಿ ಹತ್ತಕ್ಕೆ ಶಟರ್ ಎಳೆಯುತ್ತೇನೆ, ಅವರು ರಾತ್ರಿಯಿಡೀ ಇರುತ್ತಾರೆ.